ತಂಬೂರಿಯ ಕುದುರೆಗೂ ಜವಾರಿ ಬೇಕು
(ರೋಣದಲ್ಲಿ ಸಂಗೀತಾಸಕ್ತರ ಎದುರು ಮಾಡಿದ ಭಾಷಣದ ಲಿಖಿತ ರೂಪ)



ಜವಾರಿ ಎಂದರೇನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಾತು. ಇವತ್ತು ನಾನು ಹೇಳಹೊರಟ ಜವಾರಿ ಬೇರೆ. ಅದು ತಂಬೂರಿಯ ಕುದುರೆಯ ಮೇಲಿರುವಂಥದ್ದು.

ರೋಣದಲ್ಲಿ ನಿಂತು ಸಂಗೀತದ ಮಾತೆತ್ತಿದವರು, 1922ರ ಫೆಬ್ರುವರಿ 4ರಂದು ಇಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅವರ ಕಂಠದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವರ ಹಿಂದೆ ಎರಡೂ ಬದಿಗೆ ಎದ್ದು ಕಾಣುತ್ತಿದ್ದ ತಂಬೂರಿಗಳ ಬಗ್ಗೆ ಬರೆದದ್ದು ಕಡಿಮೆ. ನಾನು ಹಾಡುಗಾರನಲ್ಲ, ವರದಿಗಾರ. ಹಾಗಾಗಿ ವಾದ್ಯದ ಕಡೆಯಿಂದಲೇ ಹೊರಡುತ್ತೇನೆ.

ತಂಬೂರಿಯ ಬುರುಡೆಯ ಮುಖಕ್ಕೆ ಮುಚ್ಚಿದ ಹಲಗೆಯ ಮೇಲೆ ಒಂದು ಪುಟ್ಟ ಮಣೆ ಕೂತಿರುತ್ತದಲ್ಲ, ಅದೇ ಕುದುರೆ. ನಾಲ್ಕೂ ತಂತಿ ಅದರ ಬೆನ್ನ ಮೇಲೆ ಹಾಯುತ್ತವೆ. ಪಿಟೀಲಿಗೂ ಕುದುರೆ ಉಂಟು, ಪಾಶ್ಚಾತ್ಯ ವಾದ್ಯವೃಂದದ ಆಳೆತ್ತರದ ಡಬಲ್ ಬಾಸಿಗೂ ಉಂಟು. ಆದರೆ ಅಲ್ಲಿ ಅದು ತೆಳ್ಳನೆಯ ಹಲಗೆ. ನೆತ್ತಿ ಬರೀ ಅಂಚು. ಅದನ್ನು ಕೂರಿಸುವ ಕುಶಲಿಗ ಎರಡು ಪಾದಗಳನ್ನೂ ವಾದ್ಯದ ಉಬ್ಬಿಗೆ ಸರಿಯಾಗಿ, ಕೂದಲೆಳೆ ಸಂದೂ ಉಳಿಯದಂತೆ ಕೆತ್ತುತ್ತಾನೆ. ಅಂಟು ಹಾಕುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ತಂಬೂರಿಯದು ಇನ್ನೊಂದು ಲೆಕ್ಕ. ಇಲ್ಲಿ ಕುದುರೆಯ ಬೆನ್ನು ಅಗಲ. ನೋಡುವುದಕ್ಕೆ ಸಪಾಟು, ನಿಜಕ್ಕೂ ಸಪಾಟಲ್ಲ. ಕಣ್ಣಿಗೆ ತಿಳಿಯದಷ್ಟು ಇಳಿಜಾರು ಅದಕ್ಕಿದೆ. ಮೀಟಿದ ತಂತಿ ಆ ಇಳಿಜಾರನ್ನು ತಾಗುತ್ತ, ಬಿಡುತ್ತ ನಡುಗುತ್ತದೆ. ನಾವು ಕೇಳುವ ಝೇಂಕಾರ ಹುಟ್ಟುವುದು ಅಲ್ಲಿ.

ಇದು ಬರೀ ಕಿವಿಯ ಭ್ರಮೆಯಲ್ಲ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಹೀಗೆ ಸಮಸಂಖ್ಯೆಯ ಉಪಸ್ವರಗಳು ಹುಟ್ಟಬಾರದು ಎಂಬುದು ಯುರೋಪಿನ ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ತಂಬೂರಿ, ವೀಣೆಗಳು ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಅಗಲ ಕುದುರೆಯೇ ಕಾರಣ ಎಂದು 1921ರಲ್ಲಿ ಪ್ರಬಂಧ ಬರೆದು ತೋರಿಸಿದವರು ಸರ್ ಸಿ.ವಿ. ರಾಮನ್. ನೊಬೆಲ್ ಬಂದದ್ದು 1930ರಲ್ಲಿ, ಬೆಳಕಿನ ಕೆಲಸಕ್ಕೆ. ಅದಕ್ಕೂ ಮುನ್ನ ಅವರ ಕಿವಿ ತಂಬೂರಿಯ ಮೇಲಿತ್ತು ಎಂಬುದು ನನಗೇನೋ ಬಹಳ ಸಂತೋಷದ ಸಂಗತಿ.

ಆ ಇಳಿಜಾರನ್ನು ತಿದ್ದುವ ಕೆಲಸವೇ ಜವಾರಿ. ಕಸುಬುದಾರ ತಂತಿ ಸಡಿಲಿಸಿ ಬದಿಗೆ ಸರಿಸುತ್ತಾನೆ. ಕುದುರೆಯ ಬೆನ್ನನ್ನು ಅರದಿಂದ ನಾಲ್ಕು ಸಲ ಉಜ್ಜುತ್ತಾನೆ, ನಯವಾದ ಕಾಗದದಿಂದ ತೀಡುತ್ತಾನೆ. ಮತ್ತೆ ತಂತಿ ಏರಿಸಿ ಶ್ರುತಿ ಮಾಡಿ ಕೇಳುತ್ತಾನೆ. ಸಾಲದು. ಮತ್ತೆ ಇಳಿಸುತ್ತಾನೆ. ಅಳತೆಗೋಲು ಕಿವಿಯೊಂದೇ. ಒಂದು ಉಜ್ಜು ಹೆಚ್ಚಾದರೆ ತಂತಿ ಕಟಕಟ ಎನ್ನುತ್ತದೆ, ಕಡಿಮೆಯಾದರೆ ಮೂಕ. ಉಜ್ಜಿ ತೆಗೆದದ್ದನ್ನು ತಿರುಗಿ ಅಂಟಿಸಲಾಗದು. ಕಡೆಗೆ ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು ತೂರಿಸಿ, ಕೂದಲಷ್ಟು ಹಿಂದೆ ಮುಂದೆ ಎಳೆಯುತ್ತಾರೆ. ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ಆ ನೂಲಿಗೆ ಜೀವಾಳ ಎಂದು ಹೆಸರು. ಹತ್ತಿ ನೂಲಾದರೂ ನಡೆಯುತ್ತದೆ, ರೇಷ್ಮೆಯಾದರೂ ಸರಿ. ಗಜೇಂದ್ರಗಡದ ಮಗ್ಗದಡಿ ಬಿದ್ದ ತುಂಡು ಸಾಕು.

ನೂಲು ಇಲ್ಲೇ ಸಿಕ್ಕೀತು. ಕೈ ಎಲ್ಲಿ? ರೋಣ, ನರಗುಂದದ ಕಡೆಯವರಿಗೆ ನೆನಪಾಗುವ ದೊಡ್ಡ ಊರು ಮಿರಜ. ಅಲ್ಲಿ ಕತ್ತಿ, ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಮನೆತನಗಳವರು 19ನೇ ಶತಮಾನದ ನಡುವಿನಲ್ಲಿ ತಂತಿವಾದ್ಯಗಳತ್ತ ತಿರುಗಿದರು. ಫರೀದ್‌ಸಾಹೇಬರ ಹೆಸರು ಅವರಲ್ಲಿ ಮೊದಲು ಬರುತ್ತದೆ. ಬುರುಡೆಗೆ ಸೋರೆ ಬರುವುದು ಪಂಢರಪುರದ ಸೀಮೆಯಿಂದ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಸಂಗೀತದ ನಂಟೂ ಅದೇ ದಾರಿಯಲ್ಲಿದೆ. 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ನಿಮ್ಮೂರಿನ ಭೀಮಸೇನರು. ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುವ ಈ ಕಿರಾಣಾ ಘರಾಣೆಗೆ ತಂಬೂರಿಯೇ ನೆಲ. ಆ ನೆಲ ಏರುಪೇರಾದರೆ ಷಡ್ಜ ಹಚ್ಚುವುದೆಲ್ಲಿ?

1970ರ ದಶಕದ ಕೊನೆಗೆ ಬೆಂಗಳೂರಿನ ಎಂಜಿನಿಯರ್ ಜಿ. ರಾಜನಾರಾಯಣ್ ವಿದ್ಯುತ್ ತಂಬೂರಿ ರೂಪಿಸಿದರು. ಈಗ ಅದು ಮೊಬೈಲಿನೊಳಗೂ ಬಂದಿದೆ. ನಾನು ಅದನ್ನು ಹಳಿಯಲಾರೆ. ಬಸ್ಸಿನಲ್ಲಿ ಓಡಾಡಿ ಪಾಠ ಕಲಿಯುವ ಹುಡುಗಿ ನಾಲ್ಕಡಿ ತಂಬೂರಿ ಹೊತ್ತು ತಿರುಗಲಿ ಎನ್ನುವುದು ನ್ಯಾಯವಲ್ಲ. ಆದರೆ ಯಂತ್ರಕ್ಕೆ ಜವಾರಿ ಮಾಡಬೇಕಿಲ್ಲ. ಆದ್ದರಿಂದ ಕಲಿಯುವವರ ಕಿವಿಗೆ ಆ ಪರೀಕ್ಷೆಯೂ ಇಲ್ಲ. ಕೇಳುವವರು ಕಡಿಮೆಯಾದರೆ ಅರ ಹಿಡಿಯುವ ಕೈಗೆ ಕೂಲಿ ಹುಟ್ಟುವುದು ಹೇಗೆ?

ನಿಮ್ಮಲ್ಲಿ ಕೆಲವರ ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ತಂಬೂರಿ ಇದ್ದೀತು. ಧೂಳು ಒರೆಸಿ, ತಂತಿ ಬದಿಗೆ ಸರಿಸಿ, ಕುದುರೆಯ ಬೆನ್ನ ಮೇಲೆ ಉಗುರು ಎಳೆದು ನೋಡಿ. ನುಣುಪಾಗಿದ್ದರೆ ಹೊಸ ನೂಲು ಹಾಕಿದರೆ ಸಾಕಾದೀತು. ತಂತಿ ಕೊರೆದ ಗೀರಿಗೆ ಉಗುರು ಸಿಕ್ಕಿಬಿದ್ದರೆ ನೂಲಿನಿಂದ ಆಗದು, ಅರವೇ ಬೇಕು. ದಯವಿಟ್ಟು ನೀವೇ ಉಜ್ಜಲು ಹೋಗಬೇಡಿ. ತಂತಿ ಸಡಿಲಿಸಿ, ಬುರುಡೆಗೆ ಕೌದಿ ಸುತ್ತಿ, ಬಲ್ಲವರ ಹತ್ತಿರ ಒಯ್ಯಿರಿ. ಅವರು ಉಜ್ಜುವಾಗ ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ.