ಒಂದು ಸಭೆಯ ನಾಡಿಪರೀಕ್ಷೆ

ಸಂಸ್ಥೆಯೊಂದಕ್ಕೆ ಐವತ್ತೋ ನೂರೋ ವರ್ಷ ತುಂಬಿತೆಂದರೆ ಅದರ ಹಿರಿಯರು ಕಲೆತು ಉತ್ಸವ ನಡೆಸುವುದೂ, ನೆನಪಿನ ಸಂಚಿಕೆಯೊಂದನ್ನು ಅಚ್ಚು ಹಾಕಿಸುವುದೂ ನಮ್ಮಲ್ಲಿ ರೂಢಿಯಾಗಿದೆ. ಆ ಸಂಚಿಕೆಯನ್ನು ತೆರೆದರೆ ಮೊದಲು ಸಂದೇಶಗಳು, ಆಮೇಲೆ ಭಾವಚಿತ್ರಗಳು, ಕೊನೆಯಲ್ಲಿ ಅಂಗಡಿಗಳ ಜಾಹೀರಾತುಗಳು. ಇವುಗಳ ನಡುವೆ ಎಲ್ಲಿಯೋ ಎರಡು ಪುಟದ ಇತಿಹಾಸ. ಕಟ್ಟಡವೆದ್ದುದು ಯಾವಾಗ, ಗಂಟೆಯನ್ನು ಕೊಡಿಸಿದವರು ಯಾರು, ಯಾವ ಗುರುಗಳು ಎಷ್ಟು ವರ್ಷ ಇದ್ದರು, ಎಲ್ಲವೂ ಅದರಲ್ಲಿರುತ್ತದೆ. ಜನ ಮಾತ್ರ ಇರುವುದಿಲ್ಲ. ಕ್ರೈಸ್ತ ಸಭೆಗಳೂ ಈ ಮಾತಿಗೆ ಹೊರತಲ್ಲ. ಒಂದು ಸಭೆಯು ತನ್ನ ಆರೋಗ್ಯವನ್ನೂ ಪೂರ್ವವೃತ್ತಾಂತವನ್ನೂ ತಾನೇ ಪರೀಕ್ಷಿಸಿಕೊಳ್ಳಬೇಕಾದರೆ ಎಲ್ಲಿಂದ ತೊಡಗಬೇಕೆಂಬುದೇ ಈ ಹೊತ್ತಿನ ನಮ್ಮ ವಿಷಯ. ಕೇಳುವವರಲ್ಲಿ ಬಹುಮಂದಿ ಕ್ರೈಸ್ತರಲ್ಲವೆಂಬುದನ್ನು ಬಲ್ಲೆವು. ಆದರೂ ಮಠಕ್ಕೆ, ಮಸೀದಿಗೆ, ಊರ ದೇವಸ್ಥಾನಕ್ಕೆ ನಡೆದುಕೊಳ್ಳುವವರಿಗೂ ಇದರಲ್ಲಿ ತಮ್ಮ ಮನೆಯ ಮಾತು ಕೇಳಿಸೀತು.

ನಾವಿರುವುದು ದೊಡ್ಡಬಳ್ಳಾಪುರದ ಸೀಮೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಇಲ್ಲಿಯ ದ್ರಾಕ್ಷಿ ತೋಟಗಳು ಬಡಾವಣೆಗಳಾದುವು. ಹೊಸಕೋಟೆ, ನೆಲಮಂಗಲಗಳ ದಾರಿಯುದ್ದಕ್ಕೂ ಕಾರ್ಖಾನೆಗಳೂ ಗೋದಾಮುಗಳೂ ಎದ್ದುವು. ತಮಿಳುನಾಡು, ಆಂಧ್ರ, ಕೇರಳಗಳಿಂದ, ದೂರದ ಈಶಾನ್ಯ ರಾಜ್ಯಗಳಿಂದ ದುಡಿಮೆಗಾಗಿ ಜನ ಬಂದರು. ಅವರಲ್ಲಿ ಕ್ರೈಸ್ತರೂ ಉಂಟು. ಭಾನುವಾರ ದೇವಾಲಯದೊಳಗೆ ಸ್ಥಳ ಸಾಲದೆ ಹೊರಗೆ ಶಾಮಿಯಾನ ಹಾಕಿಸಬೇಕಾಗುತ್ತದೆ. ಹಿರಿಯರು ಇದನ್ನು ನೋಡಿ, 'ಸಭೆ ಬೆಳೆಯಿತು' ಎಂದು ಹಿಗ್ಗುತ್ತಾರೆ. ಹಿಗ್ಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಮೈ ತುಂಬಿಕೊಳ್ಳುವುದು ಬೇರೆ, ಮೈ ಬಾತುಕೊಳ್ಳುವುದು ಬೇರೆ. ಯಾವುದೆಂದು ತಿಳಿಯಲು ವೈದ್ಯನು ಬೆರಳಿನಿಂದ ಒತ್ತಿ ನೋಡುತ್ತಾನೆ; ಒತ್ತಿದ ಕುಳಿ ಹಾಗೆಯೇ ನಿಂತರೆ ಅದು ಬಾವು. ಬಂದವರು ಬಂದಂತೆಯೇ ನಾಳೆ ಇನ್ನೊಂದು ಊರಿಗೆ ಹೋಗುವರೋ, ಇಲ್ಲಿ ಬೇರು ಬಿಡುವರೋ ಎಂಬುದನ್ನು ತಲೆಯೆಣಿಕೆಯು ತಿಳಿಸಲಾರದು.

ಒತ್ತಿ ನೋಡುವುದಕ್ಕೆ ಬೇಕಾದ ಸಾಧನವು ಸಭೆಯ ಬೀರುವಿನಲ್ಲಿಯೇ ಇದೆ. ಕಥೋಲಿಕ ಸಭೆಯಲ್ಲಿ ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳನ್ನಿಡಬೇಕೆಂದು ಟ್ರೆಂಟ್ ನಗರದ ಮಹಾಸಭೆಯು 1563ರಲ್ಲಿಯೇ ವಿಧಿಸಿತು. 1614ರ ರೋಮಿನ ವಿಧಿಗ್ರಂಥವು ಇವುಗಳೊಡನೆ ಮೃತರ ಪುಸ್ತಕವನ್ನೂ, 'ಆತ್ಮಗಳ ಸ್ಥಿತಿ' ಎಂಬ ಇನ್ನೊಂದು ಪುಸ್ತಕವನ್ನೂ ಹೇಳುತ್ತದೆ. ಮನೆಮನೆಗೂ ಹೋಗಿ ಯಾರು ಯಾರಿದ್ದಾರೆ ಎಂದು ಬರೆದಿಡುವ ಪುಸ್ತಕವದು. ದಕ್ಷಿಣ ಇಂಡಿಯಾ ಸಭೆಯವರಲ್ಲಿ ಸದಸ್ಯರ ಪಟ್ಟಿಯುಂಟು. ಈ ಪುಸ್ತಕಗಳನ್ನು ನಾವು ಬಳಸುವುದು ಎಲ್ಲಿ? ಮಗುವಿಗೆ ಶಾಲೆಯಲ್ಲಿ ಪ್ರಮಾಣಪತ್ರ ಬೇಕಾದಾಗ. ಇಲ್ಲವೆ ಮದುವೆ ಕುದುರಿದಾಗ. ಇಪ್ಪತ್ತು ವರ್ಷದ ಹಿಂದಿನ ಒಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಸ್ನಾನ ಪಡೆದ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಾರೆ, ಹಬ್ಬಕ್ಕಾದರೂ ಬರುತ್ತಾರೆಯೇ ಎಂದು ಒಂದೊಂದೇ ಹೆಸರನ್ನು ಬೆನ್ನಟ್ಟಿ ನೋಡಿದವರು ಅಪರೂಪ. ಆ ಕೆಲಸಕ್ಕೆ ಒಂದು ಬೇಸಗೆ ರಜವೆಲ್ಲ ಹಿಡಿದೀತು. ಆದರೆ ಅದರಿಂದ ತಿಳಿಯುವಷ್ಟು ಹತ್ತು ಸಂಚಿಕೆಗಳಿಂದ ತಿಳಿಯದು.

ಪುಸ್ತಕಗಳನ್ನು ಜೊತೆಗೂಡಿಸಿ ಓದಬೇಕು. ಒಂದನ್ನೇ ಓದಿದರೆ ಮೋಸ ಹೋಗುತ್ತೇವೆ. ಇದಕ್ಕೆ ನಿದರ್ಶನ 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಅಂಥ ಕಾಲದ ಸ್ನಾನದ ಪುಸ್ತಕವನ್ನು ಮಾತ್ರ ತೆರೆದವನಿಗೆ ಸಭೆಗೆ ಸುಗ್ಗಿ ಬಂದಂತೆ ತೋರುತ್ತದೆ. ಪಕ್ಕದಲ್ಲಿ ಮೃತರ ಪುಸ್ತಕವನ್ನಿಟ್ಟರೆ ಅವೇ ಹೆಸರುಗಳಲ್ಲಿ ಎಷ್ಟೋ ಅಲ್ಲಿಗೆ ದಾಟಿರುವುದು ಕಾಣುತ್ತದೆ. ಉಳಿದ ಅನಾಥ ಮಕ್ಕಳನ್ನು ಮಿಷನ್ನುಗಳು ಸಾಕಿದುವು. ವೆಸ್ಲಿಯನ್ ಮಿಷನ್ನಿನವರು ತುಮಕೂರು, ಹಾಸನಗಳಲ್ಲಿ ಅನಾಥಾಲಯಗಳನ್ನು ನಡೆಸಿದರು. ಕಥೋಲಿಕರು ನೆಲಮಂಗಲದ ಸೀಮೆಯಲ್ಲಿ ಸಿಲುವೆಪುರವೆಂಬ ಬೇಸಾಯದ ಊರನ್ನೇ ಕಟ್ಟಿಸಿದರು. ಆ ಮಕ್ಕಳ ಮಕ್ಕಳು, ಮೊಮ್ಮಕ್ಕಳು ಇಂದಿನ ಸಭೆಗಳಲ್ಲಿದ್ದಾರೆ. 'ಅನ್ನಕ್ಕಾಗಿ ಸೇರಿದವರು' ಎಂದು ಹೊರಗಿನವರು ಹಂಗಿಸುವುದುಂಟು. ಒಳಗಿನವರು ನಾಚಿ ಆ ಪುಟವನ್ನು ಹಾರಿಸಿ, ತಮ್ಮ ಮೂಲವನ್ನು ಇನ್ನೂ ಹಿಂದಕ್ಕೆ, ಯಾವನಾದರೊಬ್ಬ ಪಾಳೆಯಗಾರನ ಕಾಲಕ್ಕೆ ಒಯ್ಯುವುದುಂಟು. ಎರಡೂ ತರವಲ್ಲ. ಊರಿಗೆ ಊರೇ ಸಾಯುತ್ತಿದ್ದಾಗ ಬದುಕಿದವರ ಸಂತತಿ ನಾವು ಎಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನು?

ಹಿಂದಕ್ಕೆ ಹೋಗುವುದಕ್ಕೆ ನಿಜವಾದ ದಾರಿಗಳೂ ಇವೆಯೆನ್ನಿ. ಹದಿನೇಳನೆಯ ಶತಮಾನದ ನಡುವೆ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರುವು ಶ್ರೀರಂಗಪಟ್ಟಣದಲ್ಲಿ ಮಿಷನ್ನನ್ನು ತೊಡಗಿಸಿದನು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಗುರುಗಳು ಬರೆದ ಪತ್ರಗಳಲ್ಲಿ ನಮ್ಮ ನೆರೆಯ ಚಿಕ್ಕಬಳ್ಳಾಪುರವು 'ಚಿನ್ನಬಲ್ಲಬರಂ' ಎಂದು ಕಾಣಿಸಿಕೊಳ್ಳುತ್ತದೆ. ಲಂಡನ್ ಮಿಷನ್ನು ಬೆಂಗಳೂರಿಗೆ 1820ರಲ್ಲಿಯೂ, ವೆಸ್ಲಿಯನ್ ಮಿಷನ್ನು ಅದರ ಮರುವರ್ಷವೂ ಬಂದುವು. ಇವೆರಡರ ಸಭೆಗಳೂ 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಒಂದಾದುವು. ಇವರೆಲ್ಲರ ಕಾಗದಗಳು ಈಗ ರೋಮಿನಲ್ಲಿಯೂ ಪ್ಯಾರಿಸಿನಲ್ಲಿಯೂ ಲಂಡನಿನಲ್ಲಿಯೂ ಭದ್ರವಾಗಿವೆ. ನಮ್ಮ ಹಳ್ಳಿಯ ಕಥೆ ಅಷ್ಟು ದೂರದಲ್ಲಿ ಬೀಗದೊಳಗಿರುವುದು ವಿಚಿತ್ರವೇ ಸರಿ. ಆದರೆ ಆ ಕಾಗದಗಳಲ್ಲಿರುವುದು ಬರೆದವರು ಕಂಡ ಹಳ್ಳಿ. ಧನಸಹಾಯ ಮಾಡುವವರು ಓದಲೆಂದು ಬರೆದುದೂ ಅದರಲ್ಲಿ ಉಂಟು.

ಇಲ್ಲಿಯೇ ಇರುವ ಪುಸ್ತಕಗಳೂ ಸುಲಭವಾಗಿ ಬಾಯಿ ಬಿಡವು. ಹಳೆಯ ಕಥೋಲಿಕ ಪುಸ್ತಕಗಳು ಲ್ಯಾಟಿನ್ ಭಾಷೆಯಲ್ಲಿವೆ. ಪುಸ್ತಕದಲ್ಲಿ ಇಗ್ನಾಸಿಯುಸ್ ಆದವನು ಬೀದಿಯಲ್ಲಿ ಇನ್ನಾಸಪ್ಪ. ಕ್ಸವೇರಿಯುಸ್ ಎಂದರೆ ಚೌರಪ್ಪ. ಪೆತ್ರುಸ್ ಎಂದರೆ ರಾಯಪ್ಪ. ಅವನಿಗೇ ಶಾಲೆಯ ದಾಖಲೆಯಲ್ಲಿ ಮೂರನೆಯದೊಂದು ಹೆಸರಿದ್ದರೂ ಇದ್ದೀತು. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಆ ಜಾತಿಗೆ ಸಲ್ಲುವ ಸೌಲಭ್ಯಗಳು ತಪ್ಪುತ್ತವೆ. ಆದುದರಿಂದ ಸರ್ಕಾರದ ಗಣತಿಗೂ ಸಭೆಯ ಪಟ್ಟಿಗೂ ತಾಳೆಯಾಗದಿದ್ದರೆ ಯಾರನ್ನೂ ಸುಳ್ಳುಗಾರರೆಂದು ಜರೆಯಬೇಕಾಗಿಲ್ಲ. ಹಾಗೆ ಎರಡು ಹೆಸರಿನಲ್ಲಿ ಬದುಕುವವರಿಗೆ ಸಭೆಯು ಯಾವ ರೀತಿಯ ಆಸರೆಯಾಗಿದೆ ಎಂಬುದೂ ಅದರ ಆರೋಗ್ಯದ ಗುರುತೇ.

ಲೆಕ್ಕದ ಪುಸ್ತಕದ ವಿಚಾರವಾಗಿ ಒಂದೇ ಮಾತು. ಅಂಗಡಿ ಮಳಿಗೆಯ ಬಾಡಿಗೆ ಎಷ್ಟು, ಜನ ಕೊಟ್ಟ ಕಾಣಿಕೆ ಎಷ್ಟು, ಇವನ್ನು ಬೇರೆಬೇರೆಯಾಗಿ ಬರೆದು ನೋಡಿರಿ. ಬಾಡಿಗೆಯಿಂದಲೇ ಬದುಕುವ ಸಭೆಗೆ ಜನ ಬೇಕಾಗಿಲ್ಲ, ಬಾಡಿಗೆದಾರರಿದ್ದರೆ ಸಾಕು.

ಇನ್ನು ಸಮಾಧಿಭೂಮಿ. ಕಳೆದ ವರ್ಷ ನಮ್ಮ ಸಭೆಯಲ್ಲಿಯೂ ಸಂಚಿಕೆಯ ಮಾತು ಹುಟ್ಟಿ, ಇತಿಹಾಸದ ಪುಟಗಳು ನಮ್ಮ ಮತ್ತು ಇನ್ನಿಬ್ಬರ ಪಾಲಿಗೆ ಬಂದುವು. ನವೆಂಬರ್ 2ರ ಕಲ್ಲರೆ ಹಬ್ಬಕ್ಕೆ ಮುಂಚೆ ಸಮಾಧಿಭೂಮಿಯನ್ನು ಸವರಿ, ಕಲ್ಲುಗಳ ನಕ್ಷೆಯೊಂದನ್ನು ಬರೆಯಹೊರಟೆವು. ಪೂರ್ವದ ಭಾಗದಲ್ಲಿ ಹೆಸರು ಕೆತ್ತಿದ ಕಲ್ಲುಗಳು; ಪಡುವಣ ಬೇಲಿಯ ಕಡೆ ಬರಿಯ ಮಣ್ಣಿನ ದಿಬ್ಬಗಳು. ಬಡವರ ಗೋರಿಗಳೆಂದು ನಕ್ಷೆಯಲ್ಲಿ ಗುರುತು ಹಾಕಿದೆವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಅಲ್ಲಿ ಕಳೆ ಕೀಳುತ್ತಿದ್ದರು. ಆಕೆಯನ್ನು ಕೇಳಿದಾಗ, "ಬಡವರದಲ್ಲ ಮೇಷ್ಟ್ರೆ, ನಮ್ಮ ಕೇರಿಯವರದು. ಗಂಟೆ ಎಲ್ಲರಿಗೂ ಒಂದೇ ಹೊಡೀತಿದ್ರು, ಗುಣಿ ಮಾತ್ರ ಬೇರೆ" ಎಂದರು. ದೇವಾಲಯದಲ್ಲಿ ಕೂಡ ತಮ್ಮವರು ಕುಳಿತುಕೊಳ್ಳುವ ಪಕ್ಕ ಬೇರೆಯಿತ್ತೆಂದು, ತಾವು ಮದುವೆಯಾಗಿ ಬಂದಾಗ ಕಂಡುದನ್ನು ಹೇಳಿದರು. ದಕ್ಷಿಣ ದೇಶದ ಎಷ್ಟೋ ಹಳೆಯ ಸಭೆಗಳಲ್ಲಿ ಹೀಗೆ ನಡೆದುದುಂಟೆಂಬುದನ್ನು ಓದಿ ಬಲ್ಲೆವು. ನಮ್ಮಲ್ಲಿ ನಡೆದುದನ್ನು ಬಲ್ಲವರಾಗಿರಲಿಲ್ಲ.

ಇದನ್ನು ಬರೆದು ಸಮಿತಿಯ ಮುಂದಿಟ್ಟಾಗ ಹಿರಿಯರೊಬ್ಬರು, ಉತ್ಸವದ ಹೊತ್ತಿನಲ್ಲಿ ಇದೆಲ್ಲ ಏಕೆ, ಈಗ ಆ ಭೇದ ಎಲ್ಲಿದೆ, ಎಂದರು. ಸಭ್ಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನಡವಳಿಯ ಪುಸ್ತಕವನ್ನು ತರಿಸಿ, ಹಿಂದಿನ ಮೂವತ್ತು ವರ್ಷಗಳ ಸಮಿತಿಗಳ ಹೆಸರುಗಳನ್ನು ಗಟ್ಟಿಯಾಗಿ ಓದಿದೆವು. ಆ ಕೇರಿಯ ಹೆಸರು ಒಂದೂ ಬರಲಿಲ್ಲ. ಆ ಮೂವತ್ತರಲ್ಲಿ ಆರು ವರ್ಷ ನಾವೂ ಸಮಿತಿಯಲ್ಲಿದ್ದೆವು. ನಮಗೂ ಅದು ತೋಚಿರಲಿಲ್ಲ. ಯಾರೂ ಹೆಚ್ಚು ಮಾತಾಡದೆ ಎದ್ದು ಹೋದರು.

ಸಂಚಿಕೆಯು ಇನ್ನೂ ಅಚ್ಚಿಗೆ ಹೋಗಿಲ್ಲ. ಆ ಪುಟವಿರಬೇಕೆಂದು ಕೆಲವರು, ಬೇಡವೆಂದು ಕೆಲವರು. ಈ ನಡುವೆ ಪ್ರತಿ ಭಾನುವಾರ ಪೂಜೆಯಾದ ಮೇಲೆ ಅಜ್ಜಿಯೂ ಅವರ ಮೊಮ್ಮಗಳೂ ನಾವೂ ಪಡುವಣ ಬೇಲಿಯ ಬಳಿ ಸೇರುತ್ತೇವೆ. ಅವರು ದಿಬ್ಬದಿಂದ ದಿಬ್ಬಕ್ಕೆ ಹೋಗುತ್ತ ಹೆಸರು ಹೇಳುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ, ನಾವು ಮೃತರ ಪುಸ್ತಕದಲ್ಲಿ ಹುಡುಕುತ್ತೇವೆ. ಮೂಲೆಯ ದಿಬ್ಬವು ಇನ್ನಾಸಪ್ಪನದಂತೆ. ಪುಸ್ತಕದಲ್ಲಿ ಇಗ್ನಾಸಿಯುಸ್ ಎಂಬವರು ಹಲವರಿರುವುದರಿಂದ ಅವನು ಇವರಲ್ಲಿ ಯಾರೆಂದು ತಿಳಿಯದೆ ಎರಡು ಭಾನುವಾರ ಕಳೆದಿವೆ.