ಕಾಡು ಬಲ್ಲವರ ಕಾಡು



1902ರಲ್ಲಿ ನಮ್ಮ ಕೆ.ಜಿ.ಎಫ್.ನ ಚಿನ್ನದ ಗಣಿಗೆ ವಿದ್ಯುತ್ ಹರಿದುಬಂದದ್ದು ಕಾವೇರಿಯ ಶಿವನಸಮುದ್ರದಿಂದ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಬಿಳಿಗಿರಿರಂಗನ ಬೆಟ್ಟ. ನಾನು ಈಚೆಗೆ ನೋಡಿಬಂದ ಆ ಕಾಡು ಮತ್ತು ಅಲ್ಲಿನ ಬುಡಕಟ್ಟು ಜನರಾದ ಸೋಲಿಗರೇ ಇಂದಿನ ಉಪನ್ಯಾಸದ ವಿಷಯ.

ಅಲ್ಲಿ ಭಾರ್ಗವಿ ಹೊಳೆಯ ದಡದಲ್ಲಿ ದೊಡ್ಡಸಂಪಿಗೆ ಮರವಿದೆ. ನೂರಾರು ವರ್ಷದ ಆ ಮರದ ಬುಡದಲ್ಲಿ ಬೇರುಗಳ ನಡುವೆ ಸಾಲುಸಾಲಾಗಿ ಲಿಂಗದಂಥ ಕಲ್ಲುಗಳು. ಗುಡಿಯಿಲ್ಲ, ಗೋಪುರವಿಲ್ಲ, ಮರವೇ ದೇವರು. ಬೆಟ್ಟದ ಮೇಲಿನ ರಂಗನಾಥ ಸೋಲಿಗರಿಗೆ ಭಾವ. ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಅವರ ಕಥೆ ಹೇಳುತ್ತದೆ. ದೇವರೊಂದಿಗೇ ಹೀಗೆ ನೆಂಟಸ್ತಿಕೆ ಇಟ್ಟುಕೊಂಡ ಜನ ಅವರು.

ಹೊರಗಿನವರ ಕಣ್ಣಿಗೆ ಅದು ಒಂದೇ ಕಾಡು. ಸೋಲಿಗರ ಲೆಕ್ಕದಲ್ಲಿ ಅದು ಕುಲಕುಲಕ್ಕೆ ಸೇರಿದ ಯೆಲ್ಲೆಗಳಾಗಿ ಹಂಚಿಹೋಗಿದೆ. ಪ್ರತಿ ಯೆಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಪವಿತ್ರ ತಾಣಗಳು. ಏಟ್ರೀ ಎಂಬ ಪರಿಸರ ಸಂಸ್ಥೆಯ ಸಂಶೋಧಕರು ಹಿರಿಯ ಸೋಲಿಗರ ಜೊತೆ ನಡೆದು ಇವುಗಳ ನಕ್ಷೆ ಮಾಡಿದ್ದಾರೆ. ಜೇನು ಕಿತ್ತಾಗ ಒಂದು ಪಾಲನ್ನು ಹುಲಿಗೆಂದು ನೆಲದಲ್ಲಿ ಬಿಡುವುದು ಇವರ ರೂಢಿ.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರು ಒಂದೆಡೆ ಪೋಡು ಎಂಬ ಹಾಡಿ ಕಟ್ಟಿಕೊಂಡು ನೆಲೆ ನಿಲ್ಲಬೇಕಾಯಿತು. ಅವರು ಹಾಕುತ್ತಿದ್ದ ತರಗುಬೆಂಕಿಯೂ ನಿಂತಿತು. ಬೇಸಿಗೆ ಬಲಿಯುವ ಮೊದಲೇ ಒಣ ತರಗೆಲೆಯನ್ನಷ್ಟೇ ಸುಡುವ ತಣ್ಣನೆಯ ಬೆಂಕಿ ಅದು. ಅದು ನಿಂತ ಮೇಲೆಯೇ ಲಂಟಾನ ಕಳೆ ಕಾಡನ್ನೆಲ್ಲ ಆವರಿಸಿತು, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಾಯಿತು ಎನ್ನುತ್ತಾರೆ ಸೋಲಿಗ ಹಿರಿಯರು. ಮೊದಮೊದಲು ಯಾರೂ ಕಿವಿಗೊಡದಿದ್ದ ಆ ಮಾತನ್ನು ಇಂದು ವಿಜ್ಞಾನಿಗಳು ಗಂಭೀರವಾಗಿ ಅಧ್ಯಯನ ಮಾಡುತ್ತಿದ್ದಾರೆ.

2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಮೇಲಿನ ಅವರ ಹಕ್ಕಿಗೆ ಬಾಗಿಲು ತೆರೆಯಿತು. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದಾಗ ಮತ್ತೆ ಒಕ್ಕಲೆಬ್ಬಿಸುವ ಭಯ ಹುಟ್ಟಿತು. ಸೋಲಿಗರು ಸಂಘಟಿತರಾಗಿ ನಿಂತರು. ಅದೇ ವರ್ಷ ಅಕ್ಟೋಬರ್ 2ರ ಗಾಂಧಿ ಜಯಂತಿಯಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇಂಥ ಹಕ್ಕು ಮೊದಲು ಸಿಕ್ಕಿದ್ದು ಸೋಲಿಗರಿಗೇ.

ಆಸ್ಟ್ರೇಲಿಯದಲ್ಲೂ ಹೀಗೇ ಆಗಿದೆ. 1985ರಲ್ಲಿ ಅಲ್ಲಿನ ಸರ್ಕಾರ ಉಲುರು ಬಂಡೆಯ ನೆಲವನ್ನು ಅದರ ಮೂಲ ಒಡೆಯರಾದ ಅನಂಗು ಜನರಿಗೆ ಮರಳಿಸಿತು. ಅವರು ಅದನ್ನು 99 ವರ್ಷದ ಗುತ್ತಿಗೆಗೆ ಸರ್ಕಾರಕ್ಕೇ ಕೊಟ್ಟು, ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತದಲ್ಲಿ ಪಾಲುದಾರರಾದರು. ಕಾಲ ನೋಡಿ ಸಣ್ಣ ಬೆಂಕಿ ಹಾಕುವ ಅವರ ಪದ್ಧತಿಗೆ ಅಲ್ಲಿ ಮನ್ನಣೆ ಇದೆ.

ಬಂಧುಗಳೇ, ನೆಲವನ್ನು ಬಲ್ಲವರನ್ನು ದೂರವಿಟ್ಟು ನೆಲ ಉಳಿಸಲು ಆಗದು. ನಮ್ಮಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ನೆಲದಡಿಯ ಚಿನ್ನದ ಲೆಕ್ಕವೇ ನಡೆಯಿತು. 2001ರಲ್ಲಿ ಗಣಿ ಮುಚ್ಚಿತು, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಬೀಸಿದಾಗ ಅವುಗಳ ದೂಳು ಯಾವ ಓಣಿಗೆ ಬರುತ್ತದೆ, ಮಳೆ ಬಂದಾಗ ಆ ನೀರು ಯಾವ ಕೆರೆ ಸೇರುತ್ತದೆ ಎಂಬುದನ್ನು ಇಲ್ಲಿನ ಗಣಿ ಕಾರ್ಮಿಕರ ಮನೆಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಗುಡ್ಡಗಳ ಮುಂದಿನ ಗತಿ ನಿರ್ಧಾರವಾಗುವಾಗ ಅವರ ಮಾತಿಗೆ ಮೊದಲ ಜಾಗ ಸಿಗಬೇಕು.

ಇನ್ನು ನಮ್ಮ ಹಳ್ಳಿಗಳತ್ತ ನೋಡಿ. ಹುಣಸೆ, ಹೊಂಗೆ, ಮಾವು ಬೆಳೆದ ಗುಂಡುತೋಪುಗಳು ಊರವರೇ ಕಾಪಾಡಿಕೊಂಡು ಬಂದ ಕಾಡುಗಳು. ಒತ್ತುವರಿಗೆ ಮೊದಲು ಬಲಿಯಾಗುವುದೂ ಅವೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ, ನಗರಸಭೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ತಿಳಿವಳಿಕೆ ದಾಖಲಾಗಬೇಕು.

ಈ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಬಹಳ ಮಂದಿ ಇದ್ದೀರಿ. ನಿಮ್ಮೂರಿನ ಹಿರಿಯರೊಡನೆ ತೋಪು, ಕುಂಟೆ, ಕೆರೆ ಸುತ್ತಿ ಬನ್ನಿ. ಮರ, ಹಕ್ಕಿ, ನೀರಿನ ದಾರಿ ಎಲ್ಲವನ್ನೂ ಅವರ ಬಾಯಿಂದ ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಸೇರಿಸಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.