ಒಂದು ಒಲೆ, ಹಲವು ಉರುವಲು



ಮಲೆನಾಡಿನ ಮನೆಯ ಒಲೆ ಯಾವುದೇ ಒಂದು ಉರುವಲನ್ನು ನೆಚ್ಚಿಕೊಂಡುದಲ್ಲ. ಬೇಸಿಗೆಯಲ್ಲಿ ಬೆಟ್ಟದ ಒಣಜಿಗ್ಗು, ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆ, ವರ್ಷವಿಡೀ ತೆಂಗಿನ ಹೆಡೆ ಮತ್ತು ಗರಟೆ, ಮಳೆಗಾಲಕ್ಕೆಂದು ಪೇರಿಸಿಟ್ಟ ಕಟ್ಟಿಗೆ, ಇವೆಲ್ಲವೂ ಸರದಿಯಂತೆ ಅದೇ ಒಲೆಯ ಬಾಯಿಗೆ ಹೋಗುತ್ತವೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ನಂತರ ಅನಿಲದ ಸಿಲಿಂಡರು ಕಾಡಂಚಿನ ಅನೇಕ ಮನೆಗಳನ್ನೂ ತಲಪಿದೆ. ಆದರೆ ಸ್ನಾನದ ನೀರು, ದನಗಳ ಅಕ್ಕಚ್ಚು, ಅಡಿಕೆ ಬೇಯಿಸುವ ಕೆಲಸ, ಇವು ಇಂದಿಗೂ ಬಹುಪಾಲು ಕಟ್ಟಿಗೆಯ ಮೇಲೆಯೇ ನಿಂತಿವೆ. ಆದ್ದರಿಂದ ಒಲೆಯ ವಿಚಾರ ಹಳೆಯದಾಯಿತೆಂದು ಬದಿಗಿಡುವ ಕಾಲ ಇನ್ನೂ ಬಂದಿಲ್ಲ.

ಮೊದಲು, ಕಟ್ಟಿಗೆ ಉರಿಯುವುದೆಂದರೆ ಏನೆಂಬುದನ್ನು ತಿಳಿಯಬೇಕು. ಬಿಸಿ ತಾಗಿದೊಡನೆ ಕಟ್ಟಿಗೆಯೊಳಗಿನ ನೀರು ಆವಿಯಾಗುತ್ತದೆ. ಅನಂತರ ಒಣ ತೂಕದ ಮುಕ್ಕಾಲು ಪಾಲಿನಷ್ಟು ಅನಿಲವಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಜ್ವಾಲೆ ಈ ಅನಿಲದ್ದೇ. ಕೊನೆಯಲ್ಲಿ ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಅನಿಲ ಪೂರ್ತಿಯಾಗಿ ಉರಿಯಬೇಕಾದರೆ ಒಲೆಯ ಹೊಟ್ಟೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖ ಮತ್ತು ಸಾಕಷ್ಟು ಗಾಳಿ ಎರಡೂ ಬೇಕು. ಇವೆರಡರಲ್ಲಿ ಒಂದು ಕಡಿಮೆಯಾದರೂ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಹಾಗಾಗಿ ಹೊಗೆಯೆಂದರೆ ಉರಿಯದೆ ಉಳಿದ ಉರುವಲು. ಅದು ಕಣ್ಣಿಗೆ, ಶ್ವಾಸಕೋಶಕ್ಕೆ ಕೇಡು. ಕಟ್ಟಿಗೆ ಹೊತ್ತು ತಂದವರ ಶ್ರಮಕ್ಕೂ ನಷ್ಟ.

ಆಗ ತಾನೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. 20 ಕಿಲೋ ಹೊರೆಯನ್ನು ತಲೆಯ ಮೇಲೆ ಹೊತ್ತು ಘಟ್ಟ ಏರುವವಳು ಅದರಲ್ಲಿ ಸುಮಾರು 10 ಕಿಲೋ ನೀರನ್ನೇ ಹೊತ್ತಿರುತ್ತಾಳೆ. ಆ ನೀರನ್ನು ಆವಿ ಮಾಡಲು ಕಟ್ಟಿಗೆಯ ಶಾಖದ ಏಳನೆಯ ಒಂದು ಭಾಗದಷ್ಟು ವ್ಯಯವಾಗುತ್ತದೆ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಒದ್ದೆ ಕಟ್ಟಿಗೆ ಒಲೆಯ ಹೊಟ್ಟೆಯನ್ನೇ ತಣಿಸಿಬಿಡುವುದು. ಶಾಖ ಇಳಿದಾಗ ಅನಿಲ ಹೊತ್ತಿಕೊಳ್ಳದೆ ಹೊಗೆಯಾಗುತ್ತದೆ. ಆದ್ದರಿಂದ ಕಟ್ಟಿಗೆಯನ್ನು ಬೇಸಿಗೆಯ ಆರಂಭದಲ್ಲೇ ಸೀಳಿ, ನೆಲಕ್ಕೆ ತಾಗದಂತೆ ಅಡ್ಡಮರದ ಮೇಲೆ ಪೇರಿಸಿ, ಮೇಲ್ಭಾಗಕ್ಕೆ ಹೊದಿಕೆ ಹಾಕಿ ಪಕ್ಕಗಳನ್ನು ಗಾಳಿಗೆ ಬಿಡಬೇಕು. ಇಡೀ ಕುಂಟೆ ವರ್ಷವಾದರೂ ಒಳಗೆ ಹಸಿಯಾಗಿಯೇ ಉಳಿಯಬಲ್ಲದು. ಮಣಿಕಟ್ಟಿನ ಗಾತ್ರಕ್ಕೆ ಸೀಳಿದ್ದು ಒಂದು ಬೇಸಿಗೆಯಲ್ಲಿ ಚೆನ್ನಾಗಿ ಒಣಗುತ್ತದೆ. ಒಣಗಿದ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎಂಬ ಸದ್ದು ಬರುತ್ತದೆ, ತುದಿಗಳಲ್ಲಿ ಬಿರುಕು ಕಾಣುತ್ತದೆ.

ಇನ್ನು ಒಲೆಯ ರಚನೆ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರು ಪಾಲಿನಲ್ಲಿ ಪಾತ್ರೆಗೆ ಸೇರುವುದು ಸುಮಾರು 10ರಿಂದ 15 ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರ 1980ರ ದಶಕದ ಆದಿಯಲ್ಲಿ ರೂಪಿಸಿದ ಮೂರು ಪಾತ್ರೆಗಳ ಒಲೆ ಪ್ರಯೋಗಾಲಯದಲ್ಲಿ 40ರಷ್ಟು ಪಾಲನ್ನು ಮುಟ್ಟಿತು. ಮನೆಯ ಬಳಕೆಯಲ್ಲಿ ಅದು ಇನ್ನಷ್ಟು ಕಡಿಮೆಯಾದರೂ ಮೂರು ಕಲ್ಲಿನ ಒಲೆಗಿಂತ ಬಹಳ ಮೇಲು. ಅದರ ಗುಟ್ಟು ಸರಳ: ಕಟ್ಟಿಗೆಯ ಕೆಳಗೆ ಜಾಲರಿ, ಬೇಕಾದಷ್ಟೇ ಗಾಳಿ, ಮುಚ್ಚಿದ ಹೊಟ್ಟೆ, ಬಾಯಿಗೆ ಸರಿಯಾಗಿ ಕೂರುವ ಪಾತ್ರೆ, ಹೊಗೆಗೆ ಕೊಳವೆ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ 1980ರ ದಶಕದಲ್ಲಿ ಮೊದಲಾಗಿ 2002ರವರೆಗೆ ನಡೆಯಿತು. ಆದರೂ ಕಟ್ಟಿಸಿದ ಒಲೆಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಒಲೆ ಕಟ್ಟುವುದಕ್ಕೆ ಇದ್ದ ಉತ್ಸಾಹ ಅದನ್ನು ನೋಡಿಕೊಳ್ಳುವುದಕ್ಕೆ ಇರಲಿಲ್ಲ. ಎರಡನೆಯ ಬಾಯಿಯ ಪಾತ್ರೆಯನ್ನು ತೆಗೆದು ಹಾಗೆಯೇ ಬಿಟ್ಟರೆ ತಣ್ಣನೆಯ ಗಾಳಿ ಒಳಹೊಕ್ಕು ಕೊಳವೆಯ ಸೆಳೆತವನ್ನೇ ಕೊಲ್ಲುತ್ತದೆ; ಹೊಗೆ ಅಡುಗೆಮನೆಗೆ ತಿರುಗುತ್ತದೆ. ಬಳಸದ ಬಾಯಿಗೆ ಮುಚ್ಚಳ ಬೇಕು, ಬಿರುಕಿಗೆ ಆಗಾಗ ಮಣ್ಣು ಮೆತ್ತಬೇಕು.

ಅಡುಗೆಯ ಒಲೆಗಿಂತ ಹೆಚ್ಚು ಕಟ್ಟಿಗೆ ತಿನ್ನುವುದು ಅನೇಕ ಮನೆಗಳಲ್ಲಿ ಬಚ್ಚಲೊಲೆ. ಇಲ್ಲೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದು. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 10.5 ಮೆಗಾಜೂಲ್ ಶಾಖ ಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿರುವುದು ಸುಮಾರು 15 ಮೆಗಾಜೂಲ್. ಶಾಖದ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುವ ತೆರೆದ ಒಲೆಯಲ್ಲಿ ಇದಕ್ಕೆ 7 ಕಿಲೋ ಕಟ್ಟಿಗೆ ಬೇಕು. ಹಂಡೆಯ ಸುತ್ತ ಇಟ್ಟಿಗೆ ಅಥವಾ ಮಣ್ಣಿನ ಗೋಡೆ ಕಟ್ಟಿ, ಜಾಲರಿ ಇರಿಸಿ, ಹಂಡೆಗೆ ಮುಚ್ಚಳ ಮುಚ್ಚಿ ಆ ಪಾಲನ್ನು 30ಕ್ಕೆ ಏರಿಸಿದರೆ 2.3 ಕಿಲೋ ಸಾಕು. ಉಳಿತಾಯ ದಿನಕ್ಕೆ 4.7 ಕಿಲೋ, ವರ್ಷಕ್ಕೆ ಸುಮಾರು 17 ಕ್ವಿಂಟಾಲ್. ಒಂದು ಮನೆಯ ಒಂದು ಹಂಡೆಯಿಂದ ಬೆಟ್ಟಕ್ಕೆ ಉಳಿಯುವ ಸೌದೆ ಅಷ್ಟು.

ಉರುವಲು ಬದಲಾದಾಗ ಉರಿಸುವ ಕ್ರಮವೂ ಬದಲಾಗಬೇಕು. ಅಡಿಕೆ ಸಿಪ್ಪೆ ಹಗುರ, ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಒಮ್ಮೆಲೇ ತುಂಬಿದರೆ ಗಾಳಿಯ ದಾರಿ ಮುಚ್ಚಿ ದಟ್ಟ ಹೊಗೆ ಏಳುತ್ತದೆ, ಅನಂತರ ಥಟ್ಟನೆ ಜ್ವಾಲೆ ಹೊರಚಿಮ್ಮುತ್ತದೆ. ಅದನ್ನು ಹಿಡಿಹಿಡಿಯಾಗಿ ಹಾಕಬೇಕು. ಗರಟೆ ಜೋರಾಗಿ ಉರಿಯುತ್ತದೆ, ಒಂದೆರಡು ಚೂರು ಸಾಕು. ಕಟ್ಟಿಗೆಯ ತುದಿಯಷ್ಟೇ ಬೆಂಕಿಯಲ್ಲಿದ್ದು, ಉರಿದಂತೆಲ್ಲ ಮುಂದಕ್ಕೆ ಸರಿಸುತ್ತ ಹೋಗುವುದು ಉತ್ತಮ. ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯದಿದ್ದರೆ ಗಾಳಿ ಕಟ್ಟುತ್ತದೆ. ಊದುಕೊಳವೆ ಹಿಡಿದು ಕೆಮ್ಮುವ ಪ್ರಸಂಗ ಬರುವುದು ಹೆಚ್ಚಾಗಿ ಆಗಲೇ. ತರಗೆಲೆಯನ್ನೂ ಸಗಣಿಯನ್ನೂ ಒಲೆಗೆ ಹಾಕದಿರುವುದೇ ಲೇಸು. ಅವು ಮಣ್ಣಿನ ಆಹಾರ. ಒಲೆಯಲ್ಲಿ ಉರಿದರೆ ಅವುಗಳ ಸಾರಜನಕವೂ ಸಾವಯವ ಅಂಶವೂ ಗಾಳಿಯ ಪಾಲಾಗುತ್ತವೆ.

ಒಲೆಗೆ ಎಂದೂ ಹಾಕಬಾರದ ವಸ್ತುಗಳೂ ಇವೆ. ಪ್ಲಾಸ್ಟಿಕ್ ಚೀಲ, ಪೈಪಿನ ತುಂಡು, ಟಯರು, ಬಣ್ಣ ಬಳಿದ ಅಥವಾ ಔಷಧಿ ಹಚ್ಚಿದ ಮರ, ಪ್ಲೈವುಡ್ ಚೂರು, ಕೀಟನಾಶಕದ ಡಬ್ಬಿ, ಇವುಗಳ ಹೊಗೆ ವಿಷ. ಗೇರುಬೀಜದ ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆಯಿದೆ. ಅದು ಮನೆಯ ಒಲೆಗೆ ತಕ್ಕುದಲ್ಲ. ಬೆಂಕಿ ಹೊತ್ತದಾಗ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಕೆಂಡದ ಮೇಲೆ ಸುರಿಯುವುದು ಸಾವನ್ನು ಕರೆದಂತೆ.

ಹೊಗೆಯಿಲ್ಲದ್ದರಿಂದ ಅಪಾಯವಿಲ್ಲವೆಂಬ ನಂಬಿಕೆ ಇನ್ನೂ ಘೋರವಾದುದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಒಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇರಿಸಿ ತಾಯಿ ಮಗುವನ್ನು ಮಲಗಿಸುವ ವಾಡಿಕೆ ಹಲವು ಕಡೆ ಉಳಿದಿದೆ. ಇದನ್ನು ಬಿಡಲೇಬೇಕು. ಕೋಣೆಯನ್ನು ಮೊದಲೇ ಬಿಸಿ ಮಾಡಿ, ಕೆಂಡವನ್ನು ಹೊರಗೆ ಸಾಗಿಸಿ, ಗಾಳಿ ಬದಲಾದ ಮೇಲೆ ಮಲಗಿಸಬಹುದು. ಬೆಚ್ಚಗಿನ ಹೊದಿಕೆ ಸಾಕಾಗುತ್ತದೆ. ಬೆಂಕಿಯಿರುವ ಕೋಣೆಯಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿದರೆ ಕೂಡಲೇ ಎಲ್ಲರನ್ನೂ ಹೊರಗೆ ತಂದು 108ಕ್ಕೆ ಕರೆ ಮಾಡಬೇಕು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವು ಸಂಭವಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಇರುವವರು ಹೆಂಗಸರು ಮತ್ತು ಅವರ ಮಡಿಲಿನ ಮಕ್ಕಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೊಗೆಕೊಳವೆ ಮಾಡಿನ ನೆತ್ತಿಗಿಂತ ಮೇಲಿರಬೇಕು. ತುದಿಗೆ ಮಳೆಟೊಪ್ಪಿ ಇರಲಿ, ಆದರೆ ನಡುವೆ ಹೊಗೆ ಹೋಗುವಷ್ಟು ಎಡೆಯಿರಲಿ. ಬಿಸಿ ಕೊಳವೆ ಪಕಾಸು, ಅಟ್ಟದ ಹಲಗೆ, ಸೋಗೆ ಮಾಡು ಯಾವುದಕ್ಕೂ ತಾಗಬಾರದು. ಹಸಿ ಕಟ್ಟಿಗೆ ಉರಿಸಿದಷ್ಟೂ ಕೊಳವೆಯೊಳಗೆ ಡಾಂಬರಿನಂಥ ಇಲ್ಲಣ ಕಟ್ಟುತ್ತದೆ. ಅದು ಸ್ವತಃ ಹೊತ್ತಿಕೊಳ್ಳಬಲ್ಲದು. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಒಲೆ ಆರಿಸಿ ಕೊಳವೆಯನ್ನು ಕೆರೆಯಬೇಕು. ಕೊಳವೆಗೆ ಬೆಂಕಿ ಹಿಡಿದರೆ ಒಳಗೆ ನೀರು ಸುರಿಯಬಾರದು, ಕೊಳವೆ ಸಿಡಿಯಬಹುದು. ಗಾಳಿಯ ದಾರಿ ಮುಚ್ಚಿ, ಒಲೆಗೆ ಬೂದಿ ಅಥವಾ ಮರಳು ಎಳೆದು, ಮನೆಯವರನ್ನು ಹೊರಗೆ ಕರೆದೊಯ್ಯಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರೇ ಮೊದಲ ಚಿಕಿತ್ಸೆ. ಶಾಯಿ, ಟೂತ್‌ಪೇಸ್ಟ್, ಕಾಫಿಪುಡಿ ಹಚ್ಚಕೂಡದು.

ಕೊನೆಗೆ ಬೂದಿ. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಲ್ಲದು. ಗೋಣಿಚೀಲದಲ್ಲಿ ತುಂಬಿ ಸಿಪ್ಪೆರಾಶಿಯ ಪಕ್ಕ ಇಟ್ಟರೆ ಕೊಟ್ಟಿಗೆಯೇ ಉರಿದೀತು. ಮುಚ್ಚಳವಿರುವ ತಗಡಿನ ಡಬ್ಬಿಯೇ ಅದಕ್ಕೆ ಜಾಗ. ಪೂರ್ತಿ ತಣಿದ ಕಟ್ಟಿಗೆಯ ಬೂದಿ ತೋಟದ ಆಸ್ತಿ. ಅದರಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದ್ದು ಘಟ್ಟದ ಹುಳಿಮಣ್ಣಿಗೆ ಹಿತ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಶಿಫಾರಸಾಗಿದೆ. ಅದರ ಒಂದು ಪಾಲನ್ನು ಒಲೆಯೇ ಕೊಡಬಲ್ಲದು. ಆದರೆ ಬೂದಿಯನ್ನು ಯೂರಿಯಾದೊಂದಿಗಾಗಲಿ, ಹಸಿ ಸಗಣಿ ಗೊಬ್ಬರದೊಂದಿಗಾಗಲಿ ಬೆರೆಸಬಾರದು. ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಬುಡದಲ್ಲಿ ರಾಶಿ ಸುರಿಯದೆ ತೆಳುವಾಗಿ ಹರಡಬೇಕು.

ಬೆಟ್ಟದಿಂದ ಬಂದ ಮರದ ಒಂದಂಶ ಹೀಗೆ ಮಣ್ಣಿಗೆ ಮರಳುತ್ತದೆ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲಿ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು: ಏಳು ದಿನ ಬಚ್ಚಲೊಲೆಗೆ ಹೋಗುವ ಕಟ್ಟಿಗೆಯನ್ನು ತೂಗಿ ಬರೆದಿಡುವುದು, ಒಲೆ ತಿದ್ದಿದ ಬಳಿಕ ಮತ್ತೆ ಏಳು ದಿನ ತೂಗುವುದು. ಆ ಎರಡು ಸಂಖ್ಯೆಗಳ ಅಂತರವನ್ನು ಊರಿನ ಸಭೆಯಲ್ಲಿ ಓದಿ ಹೇಳಿದರೆ, ಬೆಟ್ಟ ಉಳಿಸುವ ಮಾತಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಾಗುವುದಿಲ್ಲ.